ಭಾರತಿ ಕಡಿಮೆಗೆ ಒಪ್ಪಿದ ವರ್ಷ

ನಾನು ನಿವೃತ್ತಳಾದಾಗ ನನಗೆ ಮೂವತ್ತೆರಡು ವರ್ಷ. ಬ್ಯಾಂಕಿನಲ್ಲಿರುವ ನನ್ನ ತಂಗಿಗೆ ಈ ಮಾತು ಕೇಳಿದರೆ ಈಗಲೂ ನಗು ಬರುತ್ತದೆ. ಆದರೆ ಕಬಡ್ಡಿಯಲ್ಲಿ ಕಾರ್ನರ್ ನಿಲ್ಲುವವರ ಮಟ್ಟಿಗೆ ಅದು ಬೇಗ ಬಂದ ನಿವೃತ್ತಿಯೇನಲ್ಲ. ಅಂಕಣದ ಎರಡು ಮೂಲೆಗಳಲ್ಲಿ ನಿಂತು, ಎದುರು ತಂಡದಿಂದ ಒಳಗೆ ನುಗ್ಗಿದ ರೈಡರ್‌ಳ ಕಾಲಿಗೆ ಬೀಳುವುದೇ ನಮ್ಮ ಕೆಲಸ. ಬಿದ್ದಷ್ಟು ಸಲ ಏಳಬೇಕು. ಏಳುವುದಕ್ಕೆ ಮೊಣಕಾಲು ಒಪ್ಪದ ದಿನ ಕೆಲಸ ಮುಗಿಯಿತು.

ಈಗ ಕೆಲವು ದಿನ ಬೆಳಿಗ್ಗೆ ಮುಂಬೈಯ ವಡಾಲದ ಮೈದಾನದಲ್ಲಿ ಹುಡುಗಿಯರಿಗೆ ಹಿಡಿತ ಹೇಳಿಕೊಡುತ್ತೇನೆ. ಅವರು ಹಿಡಿತಕ್ಕಿಂತ ಸಂಬಳದ ಬಗ್ಗೆ ಹೆಚ್ಚು ಕೇಳುತ್ತಾರೆ. ಅದರಲ್ಲಿ ತಪ್ಪಿಲ್ಲ, ನಾವು ಕೇಳದೆ ಇದ್ದದ್ದೇ ತಪ್ಪು. ಅವರ ಪ್ರಶ್ನೆಗಳಲ್ಲಿ ಒಂದು ಮಾತ್ರ ಬೇರೆ ಬೇರೆ ಬಾಯಿಂದ ಮತ್ತೆ ಮತ್ತೆ ಬರುತ್ತದೆ. "ದೀದಿ, ಸ್ಟಾರ್ ಪ್ಲೇಯರ್‌ಗಳು ಟೀಮ್ ಗೆಲ್ಲಲಿ ಅಂತ ಪೈಸಾ ಕಮ್ಮಿ ತಗೋತಾರಂತೆ. ಸಚ್ ಹೈ ಕ್ಯಾ?"

ಟಿವಿಯಲ್ಲಿ ಎಲ್ಲರೂ ತಂಡವೇ ಮುಖ್ಯ ಎನ್ನುತ್ತಾರೆ. ಒಬ್ಬ ಪ್ರಸಿದ್ಧ ಆಟಗಾರ್ತಿ ಸಂಬಳ ಇಳಿಸಿಕೊಂಡಳೆಂದು ಪತ್ರಿಕೆಗಳು ಹೊಗಳಿದವು. ಇಳಿಸಿಕೊಂಡದ್ದನ್ನು ಅವಳು ಮಾಲೀಕರ ಅಡುಗೆ ಎಣ್ಣೆಯ ಜಾಹೀರಾತಿನಲ್ಲಿ ನಿಂತು ಪೂರ್ತಿ ಪಡೆದುಕೊಂಡಳೆಂದು ಆಟದವರಿಗೆಲ್ಲ ಗೊತ್ತಿತ್ತು. ಅವಳನ್ನು ನಾನು ದೂರುವುದಿಲ್ಲ. ಬೇರೇನೂ ಪಡೆಯದೆ, ನಿಜವಾಗಿ ಕಡಿಮೆಗೆ ಒಪ್ಪಿದವಳನ್ನು ನಾನು ಹತ್ತಿರದಿಂದ ನೋಡಿದ್ದು ಒಬ್ಬಳನ್ನೇ. ಅವಳು ಹಾಗೆ ಒಪ್ಪಿದ್ದರಿಂದ ತಂಡದಲ್ಲಿ ಉಳಿದ ಇಬ್ಬರಲ್ಲಿ ನಾನೊಬ್ಬಳು. ಹುಡುಗಿಯರಿಗೆ ನಿಂತ ಕಾಲಲ್ಲಿ ಉತ್ತರ ಕೊಡುವುದು ನನ್ನಿಂದ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಕೆಲಸಕ್ಕೆ ಸೇರಿದ್ದು ಒಂದು ಉಡುಪಿ ಹೋಟೆಲ್ಲಿಗೆ. ಮಾಲೀಕರು ಕರುಣಾಕರಣ್ಣ. ನಾವೆಲ್ಲ ಅವರನ್ನು ಧನಿ ಎಂದು ಕರೆಯುತ್ತಿದ್ದೆವು. ಅಂಧೇರಿ, ಮಲಾಡ್ ಕಡೆ ಅವರ ಹೋಟೆಲುಗಳಿದ್ದವು, ಜೊತೆಗೆ ಹೆಣ್ಣುಮಕ್ಕಳ ಒಂದು ಕಬಡ್ಡಿ ತಂಡವೂ ಇತ್ತು. ಪ್ರಾಯದಲ್ಲಿ ತಾವೇ ಹೋಟೆಲ್ ಕಾರ್ಮಿಕರ ತಂಡದಲ್ಲಿ ಆಡಿದವರು. ಆ ಹುಚ್ಚು ಬಿಟ್ಟಿರಲಿಲ್ಲ. ಆಟಗಾರ್ತಿಯರಿಗೆಲ್ಲ ಹೋಟೆಲ್ಲಿನಲ್ಲೇ ಒಂದೊಂದು ಹುದ್ದೆ. ನಾನು ಅಂಧೇರಿಯ ಹೋಟೆಲ್ಲಿನ ಸ್ಟೋರ್ ಸೂಪರ್‌ವೈಸರ್. ಬೆಳಿಗ್ಗೆ ವಡಾಲದಲ್ಲಿ ಅಭ್ಯಾಸ, ಹಾರ್ಬರ್ ಲೈನಿನ ಲೋಕಲ್ ಹಿಡಿದು ಅಂಧೇರಿ, ಸಂಜೆಯವರೆಗೆ ಉದ್ದಿನಬೇಳೆ ಮತ್ತು ತೆಂಗಿನಕಾಯಿ. "ನಮ್ಮ ಇಕನಾಮಿಕ್ಸ್ ಮೇಡಮ್ ಬಂದ್ರು, ಇನ್ನು ಕಾಯಿಯ ರೇಟು ಇಳಿಯುತ್ತೆ" ಎಂದು ಧನಿಗಳು ದಿನಾ ಒಂದು ಸಲ ಹೇಳುತ್ತಿದ್ದರು. ಇಳಿದದ್ದು ನೆನಪಿಲ್ಲ.

ನಮ್ಮ ಕೋಚ್ ಸಾವಂತ್ ಸರ್ ಪರೇಲ್ ಕಡೆಯವರು. ಹೊಗಳಿಕೆ ಅವರ ಬಾಯಿಂದ ಬರುತ್ತಿರಲಿಲ್ಲ. ನನ್ನ ಮೊದಲ ದೊಡ್ಡ ಪಂದ್ಯದಲ್ಲೇ ಒಂದು ಎಡವಟ್ಟು ಮಾಡಿದೆ. ಅಂಕಣದ ಎರಡೂ ಅಂಚಿಗೆ ಲಾಬಿ ಎಂಬ ಪಟ್ಟಿ ಇರುತ್ತದೆ. ರೈಡರ್‌ ನಮ್ಮಲ್ಲಿ ಯಾರನ್ನಾದರೂ ಮುಟ್ಟುವ ಮೊದಲು ಅಲ್ಲಿಗೆ ಕಾಲಿಟ್ಟವರು ಔಟ್. ರೈಡರ್‌ ಅಂಚಿಗೆ ಸರಿದಳೆಂದು ನಾನು ಅವಳ ಹಿಂದೆಯೇ ಹೋದೆ; ನಾವು ಕೈಕೈ ಹಿಡಿದು ನಿಂತಿದ್ದರಿಂದ ನನ್ನ ಜೊತೆಗೆ ಇನ್ನೂ ಇಬ್ಬರು ಎಳೆಸಿಕೊಂಡು ಬಂದರು. ಯಾರೂ ಯಾರನ್ನೂ ಮುಟ್ಟದೆ ನಾವು ಮೂವರೂ ಔಟ್. ವಿರಾಮದಲ್ಲಿ ಸಾವಂತ್ ಸರ್ ನನ್ನ ಹತ್ತಿರ ಬಂದು ಬಹಳ ಮೃದುವಾಗಿ, "ಕಾಯ್ ಗ, ಪಿಕ್ನಿಕ್‌ಲಾ ಘೇವುನ್ ಗೇಲೀಸ್ ಕಾ ಸಗಳ್ಯಾಂನಾ?" ಎಂದು ಕೇಳಿದರು. ಎಲ್ಲರನ್ನೂ ಪಿಕ್ನಿಕ್ಕಿಗೆ ಕರೆದುಕೊಂಡು ಹೋದೆಯಾ ಎಂದು. ಆ ವರ್ಷವಿಡೀ ತಂಡದಲ್ಲಿ ನನ್ನ ಹೆಸರು ಪಿಕ್ನಿಕ್.

ಆಗ ಎಳೆಯಲ್ಪಟ್ಟವರಲ್ಲಿ ಒಬ್ಬಳು ಶಬನಮ್. ಅವಳು ಬಲ ಮೂಲೆ, ನಾನು ಎಡ ಮೂಲೆ. ಮಲಾಡಿನ ಹುಡುಗಿ, ಬಾಯಿ ಜೋರು. ವರ್ಷಗಟ್ಟಲೆ ಜೊತೆಯಾಗಿ ಆಡಿದ ಮೇಲೆ ನಮಗೆ ಕಣ್ಸನ್ನೆಯೂ ಬೇಕಿರಲಿಲ್ಲ. ಅವಳ ಭುಜ ಸ್ವಲ್ಪ ಇಳಿದರೆ ಕಾಲಿಗೆ ಬೀಳುತ್ತಾಳೆಂದು ಗೊತ್ತಾಗುತ್ತಿತ್ತು. ಅವಳು ಬಿದ್ದ ಕ್ಷಣ ನಾನು ದಾರಿ ಮುಚ್ಚಿರುತ್ತಿದ್ದೆ. ಮಣ್ಣಿನಿಂದ ಮ್ಯಾಟಿಗೆ ಬಂದಾಗ ಎಲ್ಲರೂ ಹೊಸದಾಗಿ ಕಲಿಯಬೇಕಾಯಿತು. ಮಣ್ಣಿನಲ್ಲಿ ಜಾರುವ ಕಾಲನ್ನು ಹಿಡಿದು ರೂಢಿಯಾದ ಕೈಗೆ, ಬೂಟು ಹಾಕಿದ ಕಾಲು ಸಿಕ್ಕರೂ ನಿಲ್ಲುತ್ತಿರಲಿಲ್ಲ. ವಿಡಿಯೋ ನೋಡುವ ಪದ್ಧತಿ ಬಂತು. ಸಾವಂತ್ ಸರ್ ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತು, ನಮ್ಮ ತಪ್ಪುಗಳನ್ನು ಹಿಂದೆ ಮುಂದೆ ಓಡಿಸಿ ತೋರಿಸಿ ಖುಷಿಪಡುತ್ತಿದ್ದರು.

ಭಾರತಿ ಬಂದದ್ದು ಆ ಕಾಲದಲ್ಲಿ. ಬೆಳಗಾವಿ ಕಡೆಯ ಹಳ್ಳಿಯವಳು. ತಾಯಿಯ ಜೊತೆ ಮಲಾಡಿನಲ್ಲಿ, ಹತ್ತಾರು ಮನೆಗಳಿಗೆ ಒಂದೇ ನಳವಿದ್ದ ಒಂದು ಚಾಳಿನಲ್ಲಿ ಬಾಡಿಗೆಗೆ ಇದ್ದಳು. ಅವಳು ರೈಡ್‌ಗೆ ಹೋದರೆ ಬೆಂಚಿನ ಮೇಲಿದ್ದವರೂ ಎದ್ದು ನಿಲ್ಲುತ್ತಿದ್ದರು. ಸೊಂಟದಿಂದ ಮೇಲೆ ಒಂದು ಕಡೆ, ಕೆಳಗೆ ಇನ್ನೊಂದು ಕಡೆ ಹೋಗುವ ದೇಹ. ಅಭ್ಯಾಸದಲ್ಲಿ ಅವಳನ್ನು ಹಿಡಿದ ದಿನ ಶಬನಮ್ ಎಲ್ಲರಿಗೂ ವಡಾಪಾವ್ ಕೊಡಿಸುತ್ತಿದ್ದಳು. ತಂಡದಲ್ಲಿ ಕನ್ನಡ ಮಾತಾಡಲು ಸಿಕ್ಕವಳು ನಾನೊಬ್ಬಳೇ ಎಂದು ಭಾರತಿ ನನಗೆ ಅಂಟಿಕೊಂಡಳು. ನನಗೆ ಮಾತು ಕಡಿಮೆ. ಅವಳಿಗೆ ಅದರಿಂದ ತೊಂದರೆಯೇನೂ ಆಗಲಿಲ್ಲ.

ಅವಳ ಮಾತುಗಳಲ್ಲಿ ಹೆಚ್ಚಿನವು ಮನೆಯ ಬಗ್ಗೆ. ಸ್ವಂತದ್ದು, ಮಲಾಡಿನಲ್ಲೇ, ಒಂದೇ ರೂಮಾದರೂ ಸಾಕು. "ನಮ್ಮವ್ವಗ ನೀರಿನ ಕ್ಯೂದಾಗ ನಿಂದ್ರೂದು ಸಾಕಾಗೇತಿ ಸುಧಕ್ಕಾ. ನಳ ಮನಿಯೊಳಗ ಇರಬೇಕು. ಮೊಣಕಾಲು ಇರೂದ್ರೊಳಗ ಆಗಬೇಕು." ಮೊಣಕಾಲು ಇರುವುದರೊಳಗೆ ಎಂಬುದು ನಮ್ಮ ಕೆಲಸದ ಕ್ಯಾಲೆಂಡರ್. ಉಳಿದವರು ಅರವತ್ತರವರೆಗೆ ದುಡಿಯುವುದನ್ನು ನಾವು ಕೆಲವೇ ವರ್ಷಗಳಲ್ಲಿ ದುಡಿಯಬೇಕು. ಸ್ಟಾರ್‌ಗಳ ಸಂಬಳದ ಬಗ್ಗೆ ಮಾತಾಡುವಾಗ ಇದನ್ನು ಮರೆಯಬಾರದು.

ಹೋಟೆಲ್ ದರ್ಜೆಯ ಸಂಬಳದ ಕಾಲದಲ್ಲಿ ಯಾರು ಹೆಚ್ಚು, ಯಾರು ಕಡಿಮೆ ಎಂಬ ಪ್ರಶ್ನೆಯೇ ಇರಲಿಲ್ಲ. ಒಳ್ಳೆಯ ರೈಡರ್‌ಗೆ ಹೆಚ್ಚೆಂದರೆ ಬೆಣ್ಣೆ ಹಾಕಿದ ಇನ್ನೊಂದು ದೋಸೆ. ಊರೂರಿನ ತಂಡಗಳ ಲೀಗ್ ಬಂದು ನಮ್ಮ ತಂಡವೂ ಅದನ್ನು ಸೇರಿದ ಮೇಲೆ ಲೆಕ್ಕ ಬದಲಾಯಿತು. ಒಂದು ತಂಡ ತನ್ನ ಎಲ್ಲ ಆಟಗಾರ್ತಿಯರಿಗೆ ಸೇರಿ ಇಷ್ಟೇ ಖರ್ಚು ಮಾಡಬಹುದು ಎಂದು ಲೀಗಿನವರು ಮಿತಿ ಹಾಕಿದರು. ಅದಕ್ಕೆ ಎಲ್ಲರೂ ಕ್ಯಾಪ್ ಎನ್ನುತ್ತಿದ್ದರು. ಒಬ್ಬಳ ತಟ್ಟೆಗೆ ಹೆಚ್ಚು ಬಡಿಸಿದರೆ ಇನ್ನೊಬ್ಬಳ ತಟ್ಟೆಯಲ್ಲಿ ಕಡಿಮೆ.

ಭಾರತಿಗೆ ಬೇರೆ ಊರಿನ ತಂಡದಿಂದ ಕರೆ ಬಂತು. ನಮ್ಮಲ್ಲಿ ಸಿಗುವುದಕ್ಕಿಂತ ಬಹಳ ಹೆಚ್ಚು. ಧನಿಗಳು ಅವಳನ್ನು ಅಂಧೇರಿಯ ಹೋಟೆಲ್ಲಿಗೆ ಕರೆಸಿದರು. ಅವರ ವ್ಯವಹಾರವೆಲ್ಲ ಗಲ್ಲಾದಲ್ಲೇ, ಅಂದರೆ ಬಾಗಿಲ ಪಕ್ಕದ ಹಣದ ಕೌಂಟರಿನಲ್ಲಿ. ತರಕಾರಿಯವನ ಜೊತೆಗಾಗಲಿ, ಮಗಳ ಬೀಗರ ಜೊತೆಗಾಗಲಿ, ಅಲ್ಲೇ ನಿಂತು ಚಹಾ ಕುಡಿದು ಮಾತು. ಅಲ್ಲಿ ಆಡಿದ ಮಾತಿಗೆ ಅವರು ತಪ್ಪಿದ್ದನ್ನು ನಾನು ನೋಡಿಲ್ಲ. ನನ್ನ ಸ್ಟೋರಿನ ಕಿಟಕಿ ಗಲ್ಲಾದ ಬೆನ್ನಿಗೇ ಇತ್ತು.

"ನಿನಗೆ ಅವರು ಹೇಳಿದಷ್ಟು ಕೊಡ್ಲಿಕ್ಕೆ ನನಗೆ ಮನಸ್ಸುಂಟು ಮಾರಾಯ್ತಿ," ಎಂದರು ಧನಿ. "ಆದ್ರೆ ಕ್ಯಾಪ್ ಉಂಟಲ್ಲ. ನಿನಗೆ ಅಷ್ಟು ಕೊಟ್ರೆ ಎರಡು ಕಾರ್ನರ್ ಇಟ್ಕೊಳ್ಲಿಕ್ಕೆ ಆಗುದಿಲ್ಲ. ಒಬ್ಬಳನ್ನು ಬಿಡ್ಬೇಕು. ಕಾರ್ನರ್ ಎಂತ, ಇನ್ನೊಬ್ಬಳು ಹೊಸಬಳನ್ನು ತಂದ್ರಾಯ್ತು."

ಗಿರಾಕಿಯೊಬ್ಬ ಬಿಲ್ ಕೊಟ್ಟು ಚಿಲ್ಲರೆ ತೆಗೆದುಕೊಂಡು ಹೋಗಲು ಭಾರತಿ ಪಕ್ಕಕ್ಕೆ ಸರಿದಳು.

"ಹೊಸಾಕಿ ಬ್ಯಾಡ್ರಿ. ಇಬ್ಬರೂ ಇರಬೇಕು. ನನಗ ಎಷ್ಟು ಕೊಟ್ರ ಇಬ್ಬರೂ ಉಳೀತಾರ ಹೇಳ್ರಿ."

ಧನಿಗಳು ಹೇಳಿದರು. ಹಿಂದಿನ ವರ್ಷದ್ದಕ್ಕಿಂತ ತುಸುವೇ ಹೆಚ್ಚು. ಬೇರೆ ಊರಿನವರು ಹೇಳಿದ್ದರ ಹತ್ತಿರಕ್ಕೂ ಇಲ್ಲ.

"ಆತು ತಗೋರಿ," ಎಂದಳು ಭಾರತಿ. "ಚಾ ಆರಾಕತ್ತೇತಿ, ಕುಡೀರಿ."

ಕಿಟಕಿಯ ಈಚೆ ನಾನು ಅದೇ ಉದ್ದಿನಬೇಳೆಯ ಚೀಲವನ್ನು ಎರಡನೆಯ ಸಲ ತೂಗಿದೆ. ಒಬ್ಬಳನ್ನು ಬಿಡುವುದಾದರೆ ಅದು ನಾನೇ ಆಗುತ್ತಿದ್ದೆ. ಶಬನಮ್ ನನಗಿಂತ ಚಿಕ್ಕವಳು. ಆ ಸಂಜೆ ಭಾರತಿಯ ಜೊತೆ ಅಂಧೇರಿ ಸ್ಟೇಷನ್ನಿನವರೆಗೆ ನಡೆಯುವಾಗ, ನನಗೆ ಎಲ್ಲ ಕೇಳಿಸಿತು ಎಂದೆ. ಥ್ಯಾಂಕ್ಸ್ ಎನ್ನಲು ಬಾಯಿ ತೆರೆದೆ.

"ಸುಮ್ಮನ ಬಾ," ಎಂದಳು. "ತ್ಯಾಗ ಗೀಗ ಮಾಡೀನಿ ಅಂದ್ಕೋಬ್ಯಾಡ. ನಾ ಔಟ್ ಆಗಿ ಕುಂತಾಗ ನನ್ನ ಎಬ್ಬಸೋರು ಯಾರು? ನೀವಿಬ್ಬರು. ಅವರ ಟೀಮಿನ್ಯಾಗ ರೈಡರ್ ನಾಕ್ ಮಂದಿ ಅದಾರ, ಹಿಡಿಯಾಕ ಒಬ್ಬಾಕಿ ಇಲ್ಲ."

ಕಬಡ್ಡಿ ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಔಟಾದವರು ಅಂಕಣದ ಹಿಂದಿನ ಚೌಕದಲ್ಲಿ ಕೂರಬೇಕು. ತಮ್ಮ ತಂಡದವರು ಎದುರಾಳಿಯಲ್ಲಿ ಒಬ್ಬರನ್ನು ಔಟ್ ಮಾಡಿದಾಗ, ಮೊದಲು ಔಟಾದವರಿಗೆ ಮೊದಲು ಮತ್ತೆ ಜೀವ ಬರುತ್ತದೆ. ಎಷ್ಟೇ ದೊಡ್ಡ ರೈಡರ್‌ ಆದರೂ ಕೂತಲ್ಲಿಂದ ತಾನಾಗಿ ಏಳಲಾರಳು. ಬೇರೆ ಆಟಗಳಲ್ಲಿ ಸ್ಟಾರ್‌ಗೆ ಜೊತೆಯವರು ಸಹಾಯ ಮಾಡುತ್ತಾರೆ. ನಮ್ಮ ಆಟದಲ್ಲಿ ಜೊತೆಯವರು ಏನೂ ಮಾಡದಿದ್ದರೆ ಸ್ಟಾರ್ ಆಟದಲ್ಲೇ ಇರುವುದಿಲ್ಲ. ಭಾರತಿ ತನ್ನ ಆಟದ ಹೊತ್ತನ್ನು ಕೊಂಡುಕೊಂಡಳು. ಹಾಗೆಂದು ಅವಳು ಕೊಟ್ಟ ಬೆಲೆ ಸಣ್ಣದಾಗಲಿಲ್ಲ. ತಾಯಿ ಇನ್ನೊಂದು ವರ್ಷ ನೀರಿನ ಕ್ಯೂನಲ್ಲಿ ನಿಂತರು.

ನಾನು ಯಾರಿಗೂ ಹೇಳಲಿಲ್ಲ. ಆದರೆ ಹೋಟೆಲ್ಲಿನಲ್ಲಿ ಗಲ್ಲಾದ ಮಾತು ಅಡುಗೆಮನೆಗೆ, ಅಲ್ಲಿಂದ ಊರಿಗೆ ಹರಡಲು ಎಷ್ಟು ಹೊತ್ತು? ಶಬನಮ್‌ಗೆ ತಿಳಿದ ಮೇಲೆ ಅವಳ ಹಿಡಿತ ಕೆಟ್ಟಿತು. ಕಾಲಿಗೆ ಬೀಳುವ ಮುಂಚೆ ಅರೆಕ್ಷಣ ಯೋಚಿಸತೊಡಗಿದಳು. ತಪ್ಪಿದಾಗಲೆಲ್ಲ ಭಾರತಿಯ ಕಡೆ ತಿರುಗಿ "ಸಾರಿ ಯಾರ್" ಎನ್ನುತ್ತಿದ್ದಳು. ನನ್ನ ಸ್ಥಿತಿಯೂ ಬೇರೆಯಿರಲಿಲ್ಲ. ನಾನು ಸಾರಿ ಎನ್ನುತ್ತಿರಲಿಲ್ಲ, ಅಷ್ಟೇ. ಬೇರೆಯವರ ಸಂಬಳದ ಪಾಲಿನ ಮೇಲೆ ನಿಂತಿದ್ದೇನೆ ಎಂದು ತಿಳಿದಾಗ ಕಾಲಿನ ಕೆಳಗಿನ ಮ್ಯಾಟು ಬೇರೆಯಾಗಿ ಕಾಣುತ್ತದೆ. ಕೊಡುವವರ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಪಡೆದವರ ಕಥೆ ಯಾರೂ ಕೇಳುವುದಿಲ್ಲ.

ಮೊದಲ ಕೆಲವು ಪಂದ್ಯ ಸೋತೆವು. ಒಂದು ಬೆಳಿಗ್ಗೆ ಶಬನಮ್ ಮತ್ತೆ ಸಾರಿ ಎಂದಾಗ ಭಾರತಿ ಅಂಕಣದ ನಡುವೆಯೇ ನಿಂತಳು.

"ಸಾರಿ ಮತ್ ಬೋಲ್. ಪೈರ್ ಪಕಡ್." ಸಾರಿ ಬೇಡ, ಕಾಲು ಹಿಡಿ ಎಂದು.

"ತೇರಾ ಪೈಸಾ ಹೈ ನಾ, ಇಸ್ಲಿಯೇ," ಎಂದು ಶಬನಮ್ ಗೊಣಗಿದಳು, ನಾವು ನಿಂತಿರುವುದು ನಿನ್ನ ದುಡ್ಡಿನ ಮೇಲಲ್ಲವಾ, ಅದಕ್ಕೇ ಎಂದು.

"ಮೇರಾ ಪೈಸಾ? ತೋ ತೇರಾ ಪೈರ್ ಭೀ ಮೇರಾ? ಮಲಾಡ್ ತಕ್ ಉಠಾಕೇ ಲೇ ಜಾ ಮೇರೇಕೋ ಫಿರ್."

ನಿನ್ನ ಕಾಲೂ ನನ್ನದೇ ಆದರೆ ನನ್ನನ್ನು ಮಲಾಡಿನವರೆಗೆ ಹೊತ್ತುಕೊಂಡು ಹೋಗು ಎಂದದ್ದಕ್ಕೆ ಸಾವಂತ್ ಸರ್ ಕೂಡ ನಕ್ಕರು. ಶಬನಮ್ ನಗಲಿಲ್ಲ, ಮುಂದಿನ ರೈಡ್‌ನಲ್ಲಿ ಭಾರತಿಯ ಪಾದವನ್ನು ಎಂಥ ಸಿಟ್ಟಿನಿಂದ ಹಿಡಿದಳೆಂದರೆ, ಭಾರತಿ ಮುಖ ಅಡಿಯಾಗಿ ಬಿದ್ದಳು. ಬಿದ್ದಲ್ಲಿಂದಲೇ "ಹಾಂ, ಐಸಾ!" ಎಂದು ಕೂಗಿದಳು. ಅಲ್ಲಿಂದ ನಮ್ಮ ಕೈ ಮತ್ತೆ ಕೈಯಾಯಿತು.

ಆ ವರ್ಷ ನಾವು ಗೆದ್ದೆವು. ಫೈನಲ್ಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನನಗೆ ನೆನಪಿರುವುದು ಒಂದು ಹಿಡಿತ. ಭಾರತಿ ಔಟಾಗಿ ಬಹಳ ಹೊತ್ತು ಕೂತಿದ್ದಳು, ನಾವು ಹಿಂದಿದ್ದೆವು. ಶಬನಮ್‌ಳ ಭುಜ ಇಳಿಯಿತು. ನಾನು ಮುಚ್ಚಿದೆ. ಇಬ್ಬರ ಅಡಿಯಲ್ಲಿ ರೈಡರ್‌ ಇನ್ನೂ ಒದ್ದಾಡುತ್ತಿದ್ದಾಗಲೇ ಹಿಂದಿನಿಂದ ಭಾರತಿಯ ಬೂಟಿನ ಶಬ್ದ ಕೇಳಿಸಿತು. ರೆಫರಿಯ ಸೀಟಿಗೂ ಕಾಯದೆ ಎದ್ದು ಬಂದಿದ್ದಳು. ಅದಕ್ಕೆ ಅವಳಿಗೆ ಎಚ್ಚರಿಕೆಯನ್ನೂ ಕೊಟ್ಟರು.

ಕಪ್ ಅಂಧೇರಿಯ ಹೋಟೆಲ್ಲಿನ ಗಾಜಿನ ಕಪಾಟು ಸೇರಿತು. ಮುಂದಿನ ಸೀಸನ್ನಿಗೆ ಮೊದಲು ಧನಿಗಳು ಪತ್ರಕರ್ತರನ್ನು ಊಟಕ್ಕೆ ಕರೆದು, ನಮ್ಮನ್ನೆಲ್ಲ ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾತಾಡಿದರು. ಅವರ ದನಿಯಲ್ಲಿ ಪ್ರೀತಿಯೇ ಇತ್ತು. ಅದನ್ನು ನಾನು ಒತ್ತಿ ಹೇಳಬೇಕು.

"ನಮ್ಮ ಭಾರತಿಗೆ ದುಡ್ಡು ದೊಡ್ಡದಲ್ಲ ನೋಡಿ. ಅವಳಿಗೆ ಟೀಮೇ ಮನೆ. ಈ ವರ್ಷವೂ ಅವಳು ಅಷ್ಟರಲ್ಲೇ ಆಡ್ತಾಳೆ. ಉಳಿದದ್ರಲ್ಲಿ ಇನ್ನೊಬ್ಬ ಒಳ್ಳೆ ರೈಡರ್ ತರ್ತೇವೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಭಾರತಿಯ ಕೈಯಲ್ಲಿ ಜಾಮೂನಿನ ಬಟ್ಟಲಿತ್ತು. ಅದನ್ನು ಮೇಜಿನ ಮೇಲಿಟ್ಟಳು.

ಮರುದಿನ ಗಲ್ಲಾದಲ್ಲಿ ಅವಳೇ ಬಂದು ನಿಂತಳು. ಚಹಾ ಬೇಡವೆಂದಳು. ಬೇರೆ ಊರಿನವರ ಕರೆ ಮತ್ತೆ ಬಂದಿದೆ, ಅವರು ಹೇಳಿದಷ್ಟೇ ಕೊಟ್ಟರೆ ಇಲ್ಲೇ ಇರುತ್ತೇನೆ ಎಂದಳು.

ಧನಿಗಳಿಗೆ ನಿಜವಾಗಿ ನೋವಾಯಿತು. "ಹೋದ ವರ್ಷ ನೀನೇ ಅಲ್ವಾ ಕಡಿಮೆ ಸಾಕು ಅಂದದ್ದು? ನಾನು ಕೇಳಿದ್ದೆನಾ?"

"ಇಲ್ರಿ. ಹ್ವಾದ ವರ್ಷ ನಾ ಹೇಳಿದ್ದೆ. ಈ ವರ್ಷ ನೀವ ಹೇಳಿದ್ರಿ."

"ಎರಡೂ ಒಂದೇ ಅಲ್ವಾ ಮಾರಾಯ್ತಿ?"

"ಅಲ್ರಿ."

ನಾನು ಕಿಟಕಿಯ ಹಿಂದೆಯೇ ಇದ್ದೆ. ಧನಿಗಳು ಬಹಳ ಹೊತ್ತು ಪೇಪರ್‌ವೇಟನ್ನು ತಿರುಗಿಸುತ್ತಿದ್ದರು. ಕೊನೆಗೆ, ಅಷ್ಟು ಆಗುವುದಿಲ್ಲ ಎಂದರು. ಅದು ಸುಳ್ಳಲ್ಲ, ಹೊಸ ರೈಡರ್‌ಗೆ ಆಗಲೇ ಮಾತು ಕೊಟ್ಟಾಗಿತ್ತು. ಭಾರತಿ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು.

ತಂಡದ ಹುಡುಗಿಯರು ಅವಳನ್ನು ಬೈದರು. ಗೆದ್ದ ಮೇಲೆ ರೇಟು ಏರಿತು, ದೋಸ್ತಿ ಇಳಿಯಿತು ಎಂದರು. ಸಾವಂತ್ ಸರ್ ಅವರನ್ನೆಲ್ಲ ಮ್ಯಾಟಿನ ಮೇಲೆ ಕೂರಿಸಿದರು. ತಮ್ಮ ಕಾಲದಲ್ಲಿ ತಾವೂ ಕಂಪನಿ ತಂಡಕ್ಕೆ ಪ್ರತಿ ವರ್ಷ ಕಡಿಮೆಗೆ ಆಡಿದ್ದನ್ನು, ಪ್ರತಿ ವರ್ಷ ಸನ್ಮಾನ ಮಾಡಿ ಶಾಲು ಹೊದಿಸಿದ್ದನ್ನು ಹಿಂದಿ ಮರಾಠಿ ಕಲಸಿ ಹೇಳಿದರು. "ಪೇಟಿ ಭರೂನ್ ಶಾಲ್ ಹೈ ಘರ್ ಮೇ. ಮುಂಬೈ ಮೇ ಥಂಡೀ ಕಬ್ ಪಡತೀ ಹೈ, ಬತಾವ್?" ಪೆಟ್ಟಿಗೆ ತುಂಬ ಶಾಲು, ಮುಂಬೈಯಲ್ಲಿ ಚಳಿ ಯಾವಾಗ ಬೀಳುತ್ತದೆ?

ಆ ಸೀಸನ್ನಿನಲ್ಲಿ ಅವಳ ಹೊಸ ತಂಡದ ಮೇಲೆ ಆಡಿದೆವು. ಎರಡನೆಯ ರೈಡ್‌ನಲ್ಲೇ ಅವಳ ಹಿಮ್ಮಡಿ ನನ್ನ ಕೈಗೆ ಬಂತು. ನನಗೆ ಅವಳ ಸೊಂಟದ ತಿರುವು ಗೊತ್ತಿತ್ತು, ಅಷ್ಟೇ. ಅವಳು ಹೋಗಿ ಕೂತಳು. ಅವರ ಕಾರ್ನರ್‌ಗಳು ಎಳೆಯರು, ಒಬ್ಬರ ಭುಜ ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ನಮ್ಮ ರೈಡರ್‌ಗಳು ಹೋಗಿ ಬರುತ್ತಲೇ ಇದ್ದರು. ಭಾರತಿ ಕೂತೇ ಇದ್ದಳು, ಮೊಣಕಾಲಿನ ಮೇಲೆ ಕೈಯಿಟ್ಟು. ಅವಳಂಥ ಆಟಗಾರ್ತಿ ಅಷ್ಟು ಹೊತ್ತು ಸುಮ್ಮನೆ ಕೂತಿರುವುದನ್ನು ನೋಡುವುದು ಕಷ್ಟವಾಗಿತ್ತು. ಪಂದ್ಯ ಮುಗಿದ ಮೇಲೆ ಕೈಕುಲುಕುವ ಸಾಲಿನಲ್ಲಿ ಅವಳು ನನ್ನ ಕಿವಿಯ ಹತ್ತಿರ ಬಾಗಿದಳು.

"ದುಡ್ಡು ಪೂರಾ ಕೊಟ್ಟಾರ ಸುಧಕ್ಕಾ. ಕುಂದರಾಕ."

ನಕ್ಕಳು. ಅವಳ ತಂಡ ಆ ವರ್ಷ ಕೊನೆಯ ಸ್ಥಾನಕ್ಕೆ ಇಳಿಯಿತು.

ಹುಡುಗಿಯರೇ, ನೀವು ಕೇಳಿದ್ದಕ್ಕೆ ನನಗೆ ತಿಳಿದಷ್ಟು ಇದು. ಹೌದು, ಒಪ್ಪುತ್ತಾರೆ. ತಾವು ಏನನ್ನು ಕೊಳ್ಳುತ್ತಿದ್ದೇವೆಂದು ಗೊತ್ತಿದ್ದಾಗ, ಬೆಲೆಯನ್ನು ತಾವೇ ಹೇಳಿದಾಗ ಒಪ್ಪುತ್ತಾರೆ. ಮರುವರ್ಷ ಒಪ್ಪದಿದ್ದರೆ ಅವರು ಕೆಟ್ಟವರಾದರೆಂದು ಅರ್ಥವಲ್ಲ. ಒಮ್ಮೆ ಕೊಟ್ಟದ್ದನ್ನು ಅವರ ಸ್ವಭಾವವೆಂದು ಊರಿಗೆ ಸಾರಿದರೆ, ಆಮೇಲೆ ಅವರ ಕೈಯಲ್ಲಿ ಕೊಡಲು ಏನೂ ಉಳಿಯುವುದಿಲ್ಲ.

ಸೀಸನ್ ಮುಗಿದು ಕೆಲವು ತಿಂಗಳಿಗೆ ಭಾರತಿ ಆ ವರ್ಷದ ದುಡ್ಡಿನಲ್ಲಿ ಮಲಾಡಿನಲ್ಲಿ ತಾಯಿಯ ಹೆಸರಿಗೆ ರೂಮು ಕೊಂಡಳು. ಹಳೆಯ ಬಿಲ್ಡಿಂಗ್, ಮಾರ್ಕೆಟ್ಟಿನ ಗದ್ದಲ ಕಿಟಕಿಯಿಂದ ನೇರ ಒಳಗೆ. ಗೃಹಪ್ರವೇಶಕ್ಕೆ ಶಬನಮ್ ಮತ್ತು ನಾನು ಹೋಗಿದ್ದೆವು. ಭಾರತಿಯ ತಾಯಿ ನಮ್ಮನ್ನು ಮೊದಲು ಕರೆದುಕೊಂಡು ಹೋದದ್ದು ದೇವರ ಮುಂದಕ್ಕಲ್ಲ, ಮೂಲೆಯ ಬಚ್ಚಲ ಮೋರಿಯ ಹತ್ತಿರಕ್ಕೆ. ನಳ ತಿರುಗಿಸಿ ತೋರಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿದರು.

ಅಷ್ಟರಲ್ಲಿ ಧನಿಗಳು ಬಂದರು. ಅವರನ್ನು ಕರೆದಿದ್ದಾಳೆಂದು ನನಗೆ ತಿಳಿದಿರಲಿಲ್ಲ. ಮೈಸೂರುಪಾಕಿನ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತರು.

"ರೂಮು ಬೇಕಿತ್ತು ಅಂತ ನನಗೊಂದು ಮಾತು ಹೇಳ್ಬಾರ್ದಿತ್ತಾ ಮಾರಾಯ್ತಿ?"

"ಹೇಳಿದ್ರ ಕೊಡ್ತಿದ್ರೇನ್ರಿ?"

ಧನಿಗಳು ಯೋಚಿಸಿದರು. "ಕ್ಯಾಪ್ ಉಂಟಲ್ಲ," ಎಂದರು. ಎಂದು ತಾವೇ ನಕ್ಕುಬಿಟ್ಟರು. "ಆಯ್ತು, ಕಪ್ ನೋಡ್ಲಿಕ್ಕಾದ್ರೂ ಹೋಟೆಲ್ ಕಡೆ ಬಾ. ದಿನಾ ಒರೆಸಿ ಇಡ್ತೇವೆ."

"ಇರಲ್ರಿ, ಗೆದ್ದ ವರ್ಷ ನಿಮ್ಮ ಕಪಾಟಿನ್ಯಾಗ ಇರಲಿ," ಎಂದಳು ಭಾರತಿ. "ಸೋತ ವರ್ಷ ನಮ್ಮವ್ವನ ಹೆಸರಿಲೆ ಐತಿ."

"ಯಾರು ಸೋತ್ರಬೇ?" ಎಂದು ಒಳಗಿನಿಂದ ತಾಯಿ ಕೇಳಿದರು. "ಬಾಗಲ್ದಾಗ ನಿಂತು ಏನ್ ಮಾತು? ಒಳಗ ಬರ್ರಿ."

ಧನಿಗಳು ಚಪ್ಪಲಿ ಬಿಟ್ಟು ಒಳಗೆ ಬಂದರು. ಕುರ್ಚಿ ಇರಲಿಲ್ಲ. ಭಾರತಿ ಗೋಡೆಗೆ ಒರಗಿ ಕಾಲು ನೀಡಿ ಕೂತು, ಪಕ್ಕದ ನೆಲವನ್ನು ಅಂಗೈಯಿಂದ ಒರೆಸಿ ಅವರಿಗೆ ಜಾಗ ತೋರಿಸಿದಳು.